ಶಿವಕಾಂತಾಳ ಪಾಳಿ, ನಿದ್ದೆ ಹೋಗುವ ಗಡಿಯಾರ

ನನ್ನ ಹೆಂಡತಿ ಶಿವಕಾಂತಾಳ ಬಗ್ಗೆ ಬರೆಯುತ್ತೇನೆಂದರೆ ನಮ್ಮೂರು ಮನೂರಿನ ಜನ ನಗುತ್ತಾರೆ. ನಗಲಿ ಬಿಡಿ. ಹೊಟ್ಟೆಕಿಚ್ಚಿನಲ್ಲಿ ಅವಳನ್ನು ಮೀರಿಸುವವರು ನಾರಾಯಣಖೇಡದಿಂದ ಜಹೀರಾಬಾದಿನವರೆಗೆ ಯಾರೂ ಇಲ್ಲ. ಇದನ್ನು ನಾನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ. ಬರೆಯಲು ಕೂತಾಗಲೇ ಬಂದು ಇಣುಕಿ, "ಯಾರ ಬಗ್ಗೆ ಬರಿಯಾಕತ್ತೀರಿ? ವಾಣಿ ಬಗ್ಗೇನು?" ಎಂದಳು. ವಾಣಿ ಎಂದರೆ ನನ್ನ ತಮ್ಮನ ಹೆಂಡತಿ. ನಿನ್ನ ಬಗ್ಗೆಯೇ ಮಾರಾಯ್ತಿ ಎಂದೆ. "ಹಂಗಾದ್ರ ಬರೀರಿ. ಅಕಿ ಹೆಸರು ನನ್ನಕಿಂತ ಹೆಚ್ಚು ಸಲ ಬರಬಾರ್ದು ನೋಡ್ರಿ," ಎಂದು ಒಳಗೆ ಹೋದಳು. ಎಣಿಸುತ್ತಾಳೆ, ಬಿಡುವವಳಲ್ಲ.

ಅವಳ ತವರು ಮೊಗುಡಂಪಲ್ಲಿ. ಬೆಳಗಾದರೆ ಅರ್ಧ ಊರು ಬೀದರಿಗೆ ಹೋಗಿ, ಸಂಜೆಗೆ ಅಲ್ಲಿನ ಸುದ್ದಿ ಹೊತ್ತು ಬರುವ ಊರು ಅದು. ಅವಳಿಗೆ ಶಿವಲಕ್ಷ್ಮಿ ಎಂಬ ಅಕ್ಕ. ಸಣ್ಣವರಿದ್ದಾಗ ಶಿವಲಕ್ಷ್ಮಿ ಹುಣಸೆ ಮರದಿಂದ ಬಿದ್ದು ಕೈ ಮುರಿದುಕೊಂಡಳಂತೆ. ಬಂದವರೆಲ್ಲ ಬಿಸ್ಕಿಟ್ ತಂದು ಅಕ್ಕನ ತಲೆ ಸವರಿ ಹೋಗುವುದನ್ನು ನೋಡಲಾರದೆ ಇವಳು ತನ್ನ ಒಳ್ಳೆಯ ಕೈಗೆ ಅವ್ವನ ಹಳೆ ಸೀರೆಯ ತುಂಡು ಸುತ್ತಿಕೊಂಡು ಬಾಗಿಲಲ್ಲಿ ಕೂತಳು. ಮುರಿದ ಕೈಗೂ ಹೊಟ್ಟೆಕಿಚ್ಚು ಪಡುವ ಹೆಣ್ಣನ್ನು ಕಟ್ಟಿಕೊಂಡು ನಾನು ಬಾಳಿದ್ದೇನೆ, ನನ್ನ ನಸೀಬು! ಪಕ್ಕದ ಮನೆಯ ಎಮ್ಮೆ ಹೆಚ್ಚು ಹಾಲು ಕೊಟ್ಟರೆ ನಮ್ಮ ಎಮ್ಮೆಗೆ ಅವತ್ತು ಬೈಗುಳ. ಯಾರದೋ ಮದುವೆಯಲ್ಲಿ ಯಾರದೋ ಹುಗ್ಗಿಯನ್ನು ಜನ ಹೊಗಳಿದರೆ ಇವಳಿಗೆ ಆ ಊಟ ಇಳಿಯುತ್ತಿರಲಿಲ್ಲ.

ಆದರೆ ದುಡಿಯುವುದರಲ್ಲಿ ಅವಳನ್ನು ಬೆರಳು ಮಾಡಿ ತೋರಿಸುವಂತಿಲ್ಲ. ನಾನು ಒಂದು ಸಾಲು ಕಳೆ ಕೀಳುವಷ್ಟರಲ್ಲಿ ಅವಳು ಎರಡು ಕಿತ್ತು ನನ್ನ ಸಾಲಿಗೆ ಬಂದಿರುತ್ತಾಳೆ. ಅದಕ್ಕೂ ಕಾರಣ ಹೊಟ್ಟೆಕಿಚ್ಚೇ. ತನಗಿಂತ ಮುಂದೆ ಯಾರೂ ಇರಕೂಡದು.

ನಮ್ಮಪ್ಪ ಪಾಂಡಪ್ಪ ಹಾಕಿಸಿದ ಬೋರು ಒಂದೇ, ಹೊಲ ಎರಡು. ಒಂದು ನನ್ನದು, ಒಂದು ನನ್ನ ತಮ್ಮ ದತ್ತುವಿನದು. ಎರಡರಲ್ಲೂ ಕಬ್ಬು. ಒಂದು ಹಗಲು ಒಂದು ರಾತ್ರಿ ನೀರು ನಮಗೆ, ಮುಂದಿನ ಹಗಲು ರಾತ್ರಿ ಅವರಿಗೆ. ಇದು ಪಾಳಿ. ಪಾಳಿ ಯಾರದೋ ಸ್ಟಾರ್ಟರ್ ಡಬ್ಬಿಯ ಫ್ಯೂಜ್ ಅವರ ವಶ. ಬಿಳಿ ಪಿಂಗಾಣಿಯ ಫ್ಯೂಜ್ ಅದು. ಪಂಪು ಹಚ್ಚುವಾಗ ಹಾಕಬೇಕು, ಆರಿಸಿದಾಗ ಕಿತ್ತು ತಂದು ಮನೆಯ ಜಗಲಿಯ ಮೇಲೆ ದೇವರ ಪಕ್ಕ ಇಡಬೇಕು. ಬೆಳಿಗ್ಗೆ ನಾರಾಯಣಖೇಡದ ಬಸ್ಸು ಊರ ತಿರುವಿನಲ್ಲಿ ಹಾರ್ನ್ ಹೊಡೆದ ಕೂಡಲೇ ಈ ಮನೆಯ ಹೆಂಗಸು ಆ ಮನೆಗೆ ಹೋಗಿ ಫ್ಯೂಜನ್ನು ಕೈಗೆ ಕೈ ಕೊಡಬೇಕು. ಹೊಸ್ತಿಲ ಮೇಲೆ ಇಟ್ಟು ಬರುವಂತಿಲ್ಲ. ತಂದವಳಿಗೆ ಚಹಾ ಕುಡಿಸದೆ ಕಳಿಸುವಂತಿಲ್ಲ. ಇದು ನಮ್ಮವ್ವ ಸಕ್ಕುಬಾಯಿ ಮಾಡಿದ ಕಾನೂನು. ಶಿವಕಾಂತಾ ಮದುವೆಯಾಗಿ ಬಂದ ವರ್ಷವೇ ಅವ್ವ ಆ ಫ್ಯೂಜನ್ನು ಅವಳ ಕೈಗೆ ಹಾಕಿ, "ಇನ್ನ ಇದರ ಯಜಮಾನಿ ನೀ," ಎಂದಿದ್ದಳು. ಬಂಗಾರದ ಬಳೆ ಕೊಟ್ಟಿದ್ದರೂ ಅವಳು ಅಷ್ಟು ಹಿಗ್ಗುತ್ತಿರಲಿಲ್ಲ.

ಆಮೇಲೆ ದತ್ತುವಿನ ಹೆಂಡತಿಯಾಗಿ ತಾಂಡೂರಿನಿಂದ ವಾಣಿಶ್ರೀ ಬಂದಳು. ತಂದೆ ಬಂಡೆ ಪಾಲಿಶ್ ಕೆಲಸದವರು, ಮಗಳು ಡಿಪ್ಲೊಮಾ ಓದಿದವಳು. ಜಹೀರಾಬಾದಿನಲ್ಲಿ ಪಂಪಿನ ಕಂಟ್ರೋಲ್ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವಳಿಗೆ ನೌಕರಿ. ಬೆಳಿಗ್ಗೆ ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡು ಶೇರಿಂಗ್ ಆಟೋ ಹತ್ತಿದರೆ ಸಂಜೆಗೆ ಇಳಿಯುವುದು. ಆ ಕಾರ್ಡು ನೋಡಿದಾಗಲೆಲ್ಲ ನನ್ನ ಹೆಂಡತಿ ಮೂಗು ಮುರಿಯುತ್ತಿದ್ದಳು. "ದನಕ್ಕ ಹಗ್ಗ ಹಾಕಿದಂಗ ಹಾಕ್ಕೊಂಡು ಹೋಗ್ತಾಳ," ಎನ್ನುತ್ತಿದ್ದಳು. ಒಂದು ದಿನ ವಾಣಿ ಸ್ನಾನಕ್ಕೆ ಹೋದಾಗ ಅವರ ಮನೆಯಲ್ಲಿ ಇವಳು ಆ ಕಾರ್ಡನ್ನು ತಾನೇ ಹಾಕಿಕೊಂಡು ಕನ್ನಡಿ ನೋಡಿದ್ದನ್ನು ನಾನು ಕಂಡೆ. ಸುಮ್ಮನಿದ್ದೆ. ಬಾಯಿ ಬಿಟ್ಟಿದ್ದರೆ ಅವತ್ತು ನನಗೆ ಊಟ ಸಿಗುತ್ತಿರಲಿಲ್ಲ.

ತೊಂದರೆ ಏನೆಂದರೆ, ಬಸ್ಸಿನ ಹಾರ್ನಿಗೂ ಮೊದಲೇ ವಾಣಿಯ ಆಟೋ ಹೋಗುತ್ತಿತ್ತು. ಫ್ಯೂಜ್ ಕೊಡುವ ದಿನ ತಡ, ತೆಗೆದುಕೊಳ್ಳುವ ದಿನ ಮನೆಗೆ ಬೀಗ. ಜಗಳ ಶುರುವಾಯಿತು. ಆಗ ವಾಣಿ ತನ್ನ ಮಾಲಕ ಮಲ್ಲಿಕಾರ್ಜುನ ಅವರನ್ನು ಕೇಳಿಕೊಂಡು, ಪಾಳಿಯನ್ನು ತಾನೇ ನೋಡಿಕೊಳ್ಳುವ ಒಂದು ಬ್ಯಾಟರಿ ಪೆಟ್ಟಿಗೆ ಮಾಡಿ ತಂದು ಪಂಪಿನ ಕೋಣೆಯಲ್ಲಿ ಕೂರಿಸಿದಳು. ಫ್ಯೂಜ್ ಸ್ಟಾರ್ಟರಿನಲ್ಲೇ ಕಾಯಂ ಉಳಿಯಿತು. ಒಂದು ಹಗಲು ರಾತ್ರಿ ಮುಗಿದ ಕೂಡಲೇ ಪೆಟ್ಟಿಗೆ ತಾನೇ ವಾಲ್ವ್ ತಿರುಗಿಸಿ ನೀರನ್ನು ಆಚೆ ಹೊಲಕ್ಕೆ ಬಿಡುತ್ತದೆ. ಮುಂದೆ ಒಂದು ಬಟನ್. ಒತ್ತಿದರೆ ಸಣ್ಣ ಪರದೆಯಲ್ಲಿ ದೀಪ ಹತ್ತಿ, ಪಾಳಿ ಯಾರದು, ಇನ್ನೆಷ್ಟು ಹೊತ್ತು ಬಾಕಿ ಎಂದು ತೋರಿಸುತ್ತದೆ. ಈ ಒಂದು ಪೆಟ್ಟಿಗೆ ನಮ್ಮ ಹೊಲದಲ್ಲಿ ಸರಿಯಾಗಿ ನಡೆದರೆ ಇಂಥವನ್ನು ಊರೂರಿಗೆ ಮಾಡಿ ಮಾರುವುದು, ಆ ಕೆಲಸಕ್ಕೆ ವಾಣಿಯನ್ನೇ ಮುಖ್ಯಸ್ಥೆ ಮಾಡುವುದು ಎಂದು ಮಾಲಕರು ಮಾತು ಕೊಟ್ಟಿದ್ದರು.

ಊರೆಲ್ಲ ಬಂದು ನೋಡಿ ಭೇಷ್ ಅಂದಿತು. ಅವ್ವನೂ ಅಂದಳು. ಶಿವಕಾಂತಾ ಮಾತ್ರ ಜಗಲಿಯ ಮೇಲೆ ಫ್ಯೂಜ್ ಇಡುತ್ತಿದ್ದ ಜಾಗವನ್ನು ಒರೆಸಿ ಒರೆಸಿ ಸ್ವಚ್ಛ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾ ಈ ಪೆಟ್ಟಿಗಿ ಕೀಳಸೋ ತನಕ ಸುಮ್ನಿರಂಗಿಲ್ರಿ," ಎಂದಳು. ಅವಳು ಹಾಗೆ ಅಂದ ಮೇಲೆ ಮುಗಿಯಿತು.

ಅಂದಿನಿಂದ ವಾಣಿಯ ಪಾಳಿ ಬಂತೆಂದರೆ ಶಿವಕಾಂತಾ ಪಂಪಿನ ಕೋಣೆಯ ಕಾವಲುಗಾರ್ತಿ. ಎರಡು ಸಾಲು ಕಳೆ ಕೀಳುವುದು, ಓಡಿ ಹೋಗಿ ಬಟನ್ ಒತ್ತಿ ನೋಡುವುದು. ಬುತ್ತಿ ಬಿಚ್ಚುವ ಮೊದಲು ಒತ್ತುವುದು, ಉಂಡು ಕೈ ತೊಳೆದ ಮೇಲೆ ಒತ್ತುವುದು. "ಇನ್ನೂ ಅಷ್ಟು ಬಾಕಿ ಅದ ನೋಡ್ರಿ! ಎಷ್ಟು ನೀರು ಕುಡೀತದ ಅಕಿ ಹೊಲ!" ಎಂದು ನನ್ನೆದುರು ಉರಿದು ಬೀಳುವುದು. ನಮ್ಮ ಪಾಳಿಯ ದಿನ ಆ ಕೋಣೆಯ ಕಡೆ ತಲೆ ಹಾಕುತ್ತಿರಲಿಲ್ಲ. ನೀರು ತನ್ನ ಸಾಲಿಗೆ ಬರುತ್ತಿರುವಾಗ ನೋಡುವುದೇನಿದೆ?

ಕೆಲವು ದಿನಗಳಲ್ಲೇ ಅವಳಿಗೆ ಬೇಕಾದದ್ದು ಸಿಕ್ಕಿತು. ನಮ್ಮ ಪಾಳಿ ಬಸ್ಸಿನ ಹಾರ್ನಿಗೆ ಶುರುವಾಗಬೇಕು, ಆದರೆ ತಡವಾಗಿ ಶುರುವಾಗುತ್ತಿತ್ತು. ಮುಂದಿನ ಸಲ ಇನ್ನೂ ತಡ. ಬಸ್ಸು ಹೋಗಿ, ಶಾಲೆಯ ಪ್ರಾರ್ಥನೆ ಮುಗಿದರೂ ನೀರು ದತ್ತುವಿನ ಹೊಲಕ್ಕೇ ಹರಿಯುತ್ತಿತ್ತು. ಶಿವಕಾಂತಾಳಿಗೆ ಹಬ್ಬ. ಸಂಜೆ ಆಟೋ ಇಳಿದ ವಾಣಿಯನ್ನು ದಾರಿಯಲ್ಲೇ ತಡೆದಳು.

"ಏನ ತಂಗಿ, ಪೆಟ್ಟಿಗಿ ಒಳಗ ನಿನ್ನ ಹೊಲಕ್ಕ ಜಾಸ್ತಿ ನೀರು ಅಂತ ಬರದಿ ಏನು?"

"ಇಲ್ಲಕ್ಕಾ, ನಿನ್ನಾಣಿ. ನಾ ಶುರು ಮಾಡುವಾಗ ತಪ್ಪಿರಬೇಕು. ಐತಾರ ಸರಿ ಮಾಡ್ತೀನಿ."

ಪ್ರತಿ ಐತಾರ, ಅಂದರೆ ರಜೆಯ ಭಾನುವಾರ, ಅವಳು ಅದನ್ನು ಮತ್ತೆ ಬಸ್ಸಿಗೆ ಹೊಂದಿಸುವಳು. ವಾರದೊಳಗೆ ಮತ್ತೆ ಜಾರುವುದು. ಒಮ್ಮೆ ಬಿಚ್ಚಿಕೊಂಡು ಜಹೀರಾಬಾದಿಗೆ ಒಯ್ದಳು. ಅಲ್ಲಿ ಕಂಪ್ಯೂಟರಿಗೆ ವೈರು ಜೋಡಿಸಿ ಇಟ್ಟರೆ ಪಾಳಿ ಒಂದಿಷ್ಟೂ ಜಾರಲಿಲ್ಲವಂತೆ. "ನನ್ನ ಮೇಜಿನ ಮ್ಯಾಲ ಬರಾಬರ್ ನಡೀತದಕ್ಕಾ," ಎಂದಳು, ದನಿಯಲ್ಲಿ ಜೀವವಿಲ್ಲದೆ. "ಮೇಜಿನ ಮ್ಯಾಲ ಕಬ್ಬು ಬೆಳದಿ ಏನು?" ಎಂದು ಕೇಳಿದಳು ನನ್ನವಳು.

ಇನ್ನೊಂದು ವಿಷಯವನ್ನು ನಾವು ಯಾರೂ ಯೋಚಿಸಲಿಲ್ಲ. ಆ ವರ್ಷ ನಮ್ಮ ಕಬ್ಬು ಆಳು ಮುಚ್ಚುವಷ್ಟು ಎದ್ದಿತ್ತು. ದತ್ತುವಿನ ಕಬ್ಬು ಸೊಂಟದ ಮೇಲೆ ಏಳಲು ಒದ್ದಾಡುತ್ತಿತ್ತು. ನೀರು ಕದಿಯುವವರ ಬೆಳೆ ಬಡಕಲು, ಕಳಕೊಂಡವರದು ಹಸಿರು. ಇದು ಹೇಗೆ ಎಂದು ಕೇಳಬೇಕಾದವನು ನಾನು, ಕೇಳಲಿಲ್ಲ. ಶಿವಕಾಂತಾಳಿಗೆ ಉತ್ತರ ಸಿದ್ಧವಿತ್ತು. "ಅಕಿ ಕೊರಳಾಗ ಕಾರ್ಡ್ ಹಾಕ್ಕೊಂಡು ತಿರಗ್ತಾಳ, ನಾ ಮೈ ಮುರದು ದುಡೀತೀನಿ. ಭೂಮಿಗಿ ಗೊತ್ತಾಗ್ತದ." ಊರೂ ಹಾಗೇ ಅಂದಿತು. ನಮ್ಮವ್ವ ದತ್ತುವಿಗೆ ಗದರಿದಳು. ವಾಣಿ ತಲೆ ತಗ್ಗಿಸಿಕೊಂಡು ಕೇಳಿದಳು.

ಕೊನೆಗೆ ಮಲ್ಲಿಕಾರ್ಜುನ ಅವರೇ ಪೆಟ್ಟಿಗೆ ನೋಡಲು ಬರುವ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ಬಸ್ಸಿಗೆ ಸರಿಯಾಗಿ ಪಾಳಿ ನಮ್ಮ ಕಡೆ ತಿರುಗಬೇಕು. ಹಿಂದಿನ ದಿನವೇ ಶಿವಕಾಂತಾ ಇಸ್ತ್ರಿ ಮಾಡಿದ ಸೀರೆ ತೆಗೆದಿಟ್ಟಳು. ನನಗೆ ತಡೆಯಲಾಗಲಿಲ್ಲ. "ಆ ಹುಡುಗಿ ನೌಕರಿ ಮ್ಯಾಲ ಕಲ್ಲು ಹಾಕಬ್ಯಾಡ," ಎಂದೆ. "ನನ್ನ ನೀರಿನ ಮ್ಯಾಲ ಅಕಿ ಹಾಕ್ಯಾಳಲ್ಲ, ಅದು ನಿಮಗ ಕಾಣಂಗಿಲ್ಲೇನ್ರಿ?" ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ಅವಳ ಹೊಟ್ಟೆಕಿಚ್ಚು ನಾಟಕವಲ್ಲ. ಖರೇನೇ ಸುಡುತ್ತಿತ್ತು ಅವಳನ್ನು.

ಬೆಳಿಗ್ಗೆ ಪಂಪಿನ ಕೋಣೆಯ ಮುಂದೆ ಎಲ್ಲರೂ ನಿಂತೆವು. ನಾನು, ದತ್ತು, ಅವ್ವ, ಮಾಲಕರು, ಈ ಇಬ್ಬರು ವಾರಗಿತ್ತಿಯರು. ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಪೆಟ್ಟಿಗೆ ಕಿಮಕ್ ಎನ್ನಲಿಲ್ಲ. ನೀರು ದತ್ತುವಿನ ಹೊಲಕ್ಕೇ ಹೋಗುತ್ತಿತ್ತು.

"ನೋಡ್ರಿ ಸಾಹೇಬ್ರ, ನೀವೇ ನೋಡ್ರಿ!" ಶಿವಕಾಂತಾಳ ದನಿ ಹೊಲ ದಾಟಿ ರಸ್ತೆಗೆ ಕೇಳಿತು. "ಪಾಳಿ ನಂದು, ನೀರು ಅಕೀದು! ಇಂಥಾ ಪೆಟ್ಟಿಗಿ ಊರೂರಿಗಿ ಮಾರ್ತೀರಿ? ಮನಿ ಮನಿ ಒಡೀತಾವ!"

ಮಾಲಕರು ವಾಣಿಯ ಕಡೆ ನೋಡಿದರು. ಅವಳು ಬಟನ್ ಒತ್ತಿದಳು. ಪರದೆಯಲ್ಲಿ ಅವಳದೇ ಪಾಳಿ ಇನ್ನೂ ಬಾಕಿ ಇತ್ತು. ಒತ್ತಿದ ಕೂಡಲೇ ಎಚ್ಚರಾದ ಆ ಸಣ್ಣ ದೀಪವನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು.

"ಅಕ್ಕಾ, ಈ ಬಟನ್ ಯಾರ್ಯಾರು ಒತ್ತತೀರಿ?"

"ನಾ ಒತ್ತತೀನಿ. ಒತ್ತಬಾರ್ದೇನು? ನಿನ್ನ ಪಾಳಿ ದಿನ ಮುಂಜಾನಿಂದ ಸಂಜಿತನ ಒತ್ತತೀನಿ!"

"ನಿನ್ನ ಪಾಳಿ ದಿನ?"

"ನನ್ನ ಪಾಳಿ ದಿನ ನಾ ಯಾಕ ಒತ್ತಲಿ?"

ವಾಣಿ ಕಣ್ಣು ಮುಚ್ಚಿ ತೆರೆದಳು. ಮಾಲಕರ ಕಡೆ ತಿರುಗಿ, "ತಪ್ಪು ನಂದೇ ಅದರಿ ಸರ್," ಎಂದಳು. "ಕೆಲಸ ಇಲ್ಲದಾಗ ಬ್ಯಾಟರಿ ಉಳೀಲಿ ಅಂತ ಪೆಟ್ಟಿಗಿ ಒಳಗಿನ ಚಿಪ್ಪಿಗಿ ಮಲಗು ಅಂತ ಹೇಳೀನಿ. ಒಳಗಿನ ಆಪರೇಟಿಂಗ್ ಸಿಸ್ಟಮ್ ಹೊತ್ತು ಎಣಿಸೋದು ಒಂದು ಟೈಮರ್ ಬಡಿಯೋದನ್ನ ಕೇಳಿ. ಚಿಪ್ ಮಲಗಿದ್ರ ಆ ಟೈಮರೂ ಮಲಗ್ತದ. ಎದ್ದ ಮ್ಯಾಲ, ಹೊತ್ತು ಹೋಗೇ ಇಲ್ಲ ಅಂತ ಬಿಟ್ಟಲ್ಲಿಂದ ಮುಂದ ಎಣಸತದ. ನಮ್ಮ ಮೇಜಿನ ಮ್ಯಾಲ ಕಂಪ್ಯೂಟರ್ ವೈರು ಇರೋದಕ್ಕ ಅದು ಎಂದೂ ಮಲಗಲಿಲ್ಲ. ಅದಕ್ಕ ನನಗ ಗೊತ್ತಾಗಲಿಲ್ಲ. ನಾ ಸರಿ ಮಾಡ್ತೀನಿ."

ಅಷ್ಟಕ್ಕೇ ನಿಲ್ಲಿಸಿದಳು. ಮಾಲಕರು ತಲೆಯಾಡಿಸಿದರು. ಅವ್ವ ನಿಟ್ಟುಸಿರು ಬಿಟ್ಟಳು. ನನ್ನ ಹೆಂಡತಿ ಗೆದ್ದಿದ್ದಳು. ಅಲ್ಲಿಗೆ ಮನೆಗೆ ನಡೆಯಬಹುದಿತ್ತು.

ನಡೆಯಲಿಲ್ಲ. ಹುಬ್ಬು ಗಂಟಿಕ್ಕಿ ನಿಂತಳು. ಅವಳು ಓದಿದ್ದು ಕಡಿಮೆ, ಆದರೆ ಯಾರ ಪಾಲಿಗೆ ಎಷ್ಟು ಬಂತು ಎಂಬ ಲೆಕ್ಕದಲ್ಲಿ ಅವಳಿಗೆ ಯಾರೂ ಕಲಿಸಬೇಕಿಲ್ಲ.

"ನಿಲ್ಲು. ನಾ ಬಟನ್ ಒತ್ತಿದ್ರ ಅದು ಏಳತದ?"

"ಏಳತದಕ್ಕಾ. ಬಾಳ ಹೊತ್ತು ಎಚ್ಚರ ಇರತದ."

"ಎಚ್ಚರ ಇದ್ದಾಗ ಬರಾಬರ್ ಎಣಸತದ?"

ವಾಣಿ ಪೆಟ್ಟಿಗೆಯ ತಿರುಪು ಬಿಚ್ಚತೊಡಗಿದಳು.

"ಅಂದ್ರ ನಿನ್ನ ಪಾಳಿ ಹಗಲೆಲ್ಲ ನಾ ಒತ್ತಿ ಒತ್ತಿ ಎಬ್ಬಿಸಿಟ್ಟೆ. ನಿನ್ನ ಪಾಳಿ ಹೊತ್ತಿಗಿ ಮುಗೀತು. ನನ್ನ ಪಾಳ್ಯಾಗ ಯಾರೂ ಒತ್ತಲಿಲ್ಲ. ಅದು ಮಲಗೇ ಇತ್ತು. ಪಾಳಿ ಮುಗೀಲೇ ಇಲ್ಲ."

"ರಾತ್ರಿ ಇಬ್ಬರ ಪಾಳ್ಯಾಗೂ ಮಲಗತಿತ್ತಕ್ಕಾ, ಅದು ಸರಿ ಸರಿ ಆತು..."

"ಹಗಲಿಂದು ಹೇಳು!"

"ಇರ್ಲಿ ಬಿಡಕ್ಕಾ," ಎಂದಳು ವಾಣಿ. "ಆಗಿದ್ದು ಆತು."

ಅಷ್ಟು ಸಾಕಾಯಿತು. ಶಿವಕಾಂತಾಳ ಮುಖ ಕೆಂಪಾಯಿತು. ತನ್ನ ಪಾಳಿ ತಡವಾಗಿ ಶುರುವಾಗುವುದನ್ನು ಅವಳು ಪ್ರತಿ ಸಲ ನೋಡಿದ್ದಳು. ತಡವಾಗಿ ಮುಗಿಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ಕಂಡಿತು. ಆದರೆ ಅವಳನ್ನು ಸುಟ್ಟಿದ್ದು ಅದಲ್ಲ. ಇಷ್ಟೆಲ್ಲ ಗೊತ್ತಾದ ಮೇಲೂ ವಾಣಿ ಎಲ್ಲರೆದುರು ಬಾಯಿ ಬಿಡದೆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಿದ್ದಳಲ್ಲ, ಆ ದೊಡ್ಡತನ! ಅದನ್ನು ಅವಳಿಗೆ ಬಿಟ್ಟುಕೊಡಲು ನನ್ನ ಹೆಂಡತಿಯಿಂದ ಆಗಲಿಲ್ಲ.

"ದೊಡ್ಡಾಕಿ ಆಗಬ್ಯಾಡ ನೀ!" ಎಂದು ಕೂಗಿದಳು. "ನನ್ನ ಮುಂದ ದೊಡ್ಡಾಕಿ ಆಗಬ್ಯಾಡ! ನೀ ಹೇಳದಿದ್ರ ನಾನೇ ಹೇಳ್ತೀನಿ. ಅತ್ತಿ, ಕೇಳ್ರಿ. ದತ್ತು, ಕೇಳೋ. ನಿಮ್ಮ ನೀರು ನನ್ನ ಹೊಲಕ್ಕ ಹೋಗ್ಯಾದ. ನೋಡ್ರಿ ಆ ಕಬ್ಬು, ನೋಡ್ರಿ ಈ ಕಬ್ಬು! ದುಡಿದೆ ದುಡಿದೆ ಅಂದೆ, ಥೂ! ಇವತ್ತಿಂದ ಈ ಕಬ್ಬು ಆ ಕಬ್ಬಿನ ಸಮ ಬರೋತನ ನಮಗ ಪಾಳಿ ಬ್ಯಾಡ. ಎಲ್ಲಾ ಇಕೀದೇ."

ದತ್ತು ಗಾಬರಿಯಾಗಿ, "ವೈನಿ, ಹಂಗ್ಯಾಕ..." ಎಂದ. "ಸುಮ್ನಿರು," ಎಂದಳು. ನನ್ನನ್ನು ಕೇಳಲೇ ಇಲ್ಲ. ನನ್ನ ಹೊಲ, ನನ್ನ ನೀರು! ನಾನು ಅಲ್ಲೇ ನಿಂತಿದ್ದೆ, ನೆಟ್ಟ ಕಂಬದ ಹಾಗೆ. ಮಲ್ಲಿಕಾರ್ಜುನ ಅವರು ಪೆಟ್ಟಿಗೆ ಬಿಚ್ಚಿಸಿಕೊಂಡು ಹೋಗುವಾಗ ವಾಣಿಗೆ, "ಈ ತಪ್ಪು ನಮಗೆ ಕಾರ್ಖಾನ್ಯಾಗ ಎಂದೂ ಸಿಗತಿದ್ದಿಲ್ಲ ನೋಡಮ್ಮ. ಸರಿ ಮಾಡಿ ತಗೊಂಬಾ, ಮುಂದಿನ ಪೆಟ್ಟಿಗಿ ಆಮ್ಯಾಲ ನೋಡೋಣ," ಎಂದರು. ಅವಳ ಬಡ್ತಿಯ ಬಾಗಿಲು ಮುಚ್ಚಿರಲಿಲ್ಲ, ಪೂರ್ತಿ ತೆರೆದೂ ಇರಲಿಲ್ಲ.

ಪೆಟ್ಟಿಗೆ ಹೋದ ಮೇಲೆ ಮತ್ತೆ ಫ್ಯೂಜಿನ ಕಾನೂನು ಬಂತು. ಪೆಟ್ಟಿಗೆ ಬಿಚ್ಚುವಾಗ ಕಿತ್ತ ಫ್ಯೂಜ್ ನಮ್ಮ ಜಗಲಿಗೇ ಬಂದಿತ್ತು, ಅದನ್ನು ವಾಣಿಗೆ ಒಪ್ಪಿಸಬೇಕಿತ್ತು. ಮರುದಿನ ಐತಾರ. ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಶಿವಕಾಂತಾ ಫ್ಯೂಜನ್ನು ಸೆರಗಿನಲ್ಲಿ ಹಿಡಿದು ಹೊರಟಳು. ಮುಖ ಊದಿಸಿಕೊಂಡಿದ್ದಳು, ರಾತ್ರಿಯಿಂದ ನನ್ನೊಡನೆ ಮಾತಿಲ್ಲ. ಜಗಳವಾದರೆ ಬಿಡಿಸಲು ಇರಲಿ ಎಂದು ನಾನೂ ಹಿಂದೆ ಹೋದೆ.

ವಾಣಿ ಕೈಯೊಡ್ಡಿ ಫ್ಯೂಜ್ ತೆಗೆದುಕೊಂಡಳು. ಚಹಾ ತಂದಳು. ಇಬ್ಬರೂ ಹೊಸ್ತಿಲ ಆಚೆ ಈಚೆ ಕೂತರು. ಸೊರ್ ಸೊರ್ ಎಂದು ಚಹಾ ಕುಡಿದರು. ನಾನು ಕಟ್ಟೆಯ ಮೇಲೆ ಕೂತು ಬೇರೆ ಎಲ್ಲೋ ನೋಡುತ್ತಿದ್ದೆ.

"ಹೆಂಗ ಸರಿ ಮಾಡ್ತಿ?" ಎಂದಳು ಕೊನೆಗೆ ನನ್ನವಳು, ಕಪ್ಪಿನೊಳಗೆ ನೋಡುತ್ತಾ.

"ಅದೇ ಚಿಪ್ಪಿನ್ಯಾಗ ಇನ್ನೊಂದು ಟೈಮರ್ ಅದಕ್ಕಾ. ಅದಕ್ಕ ತನ್ನದೇ ಒಂದು ಸಣ್ಣ ಹರಳು ಅದ, ಕೈಗಡಿಯಾರದಾಗ ಇರತದಲ್ಲ ಅಂಥಾದು. ಎಲ್ಲಾರೂ ಮಲಗಿದ್ರೂ ಅದು ಮಲಗಂಗಿಲ್ಲ, ಎಣಸ್ಕೋತ ಕೂಡ್ತದ. ಹೊತ್ತು ಎಷ್ಟಾತು ಅಂತ ಇನ್ನ ಮುಂದ ಆ ಟೈಮರನ್ನೇ ಕೇಳು ಅಂತ ಸಿಸ್ಟಮ್ಮಿಗಿ ಹೇಳಬೇಕು."

"ಮೊದಲೇ ಯಾಕ ಅದನ್ನ ಕೇಳಲಿಲ್ಲ?"

"ಮೊದಲಿಂದು ತಾನಾಗೇ ಜೋಡಿಸಿ ಬಂದಿರತದ, ಇದನ್ನ ನಾವು ಕುಂತು ಜೋಡಸಬೇಕು. ನಡೀತದಲ್ಲ ಅಂತ ಬಿಟ್ಟೆ." ವಾಣಿ ಫ್ಯೂಜನ್ನು ಮಡಿಲಲ್ಲಿ ಅತ್ತಿತ್ತ ತಿರುಗಿಸಿದಳು. ಆಮೇಲೆ ಅವಳ ದನಿ ಬದಲಾಯಿತು. "ನನಗ ಆವಾಗೇ ತಿಳೀಬೇಕಿತ್ತಕ್ಕಾ. ನನ್ನ ಕಬ್ಬು ಯಾಕ ಏಳಂಗಿಲ್ಲ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅಕ್ಕನ ಕೈಗುಣಾನೇ ಬ್ಯಾರೆ, ನನಗ ಅದು ಇಲ್ಲ ಅಂದ್ಕೊಂಡೆ. ಸಂಜಿಗಿ ಆಟೋ ಇಳದಾಗ ನಿನ್ನ ಕಬ್ಬೇ ಮೊದಲ ಕಾಣತಿತ್ತು. ಅದನ್ನ ನೋಡಿ ನನ್ನ ಹೊಟ್ಟ್ಯಾಗ ಬೆಂಕಿ ಬೀಳತಿತ್ತು. ಒಂದೊಂದು ದಿನ ಉಣ್ಣಾಕ ಆಗತಿದ್ದಿಲ್ಲ, ಖರೇ ಹೇಳ್ತೀನಿ."

ಶಿವಕಾಂತಾಳ ತುಟಿಯ ಹತ್ತಿರ ಚಹಾದ ಕಪ್ಪು ನಿಂತಿತು.

"ಯಾರಿಗಿ? ನಿನಗ?"

"ನನಗೇ ಅಕ್ಕಾ."

"ನನ್ನ ನೋಡಿ?"

"ನಿನ್ನ ನೋಡಿ."

ಕೊರಳಿಗೆ ಕಾರ್ಡು ಹಾಕಿಕೊಂಡು ಹೋಗುವವಳು, ಡಿಪ್ಲೊಮಾ ಓದಿದವಳು, ಅವ್ವನ ಕೈಲಿ ಭೇಷ್ ಅನ್ನಿಸಿಕೊಂಡವಳು. ಅವಳು ತನ್ನನ್ನು ನೋಡಿ ಊಟ ಬಿಟ್ಟಿದ್ದಳು. ಮೊಗುಡಂಪಲ್ಲಿಯ ಬಾಗಿಲಲ್ಲಿ ಒಳ್ಳೆಯ ಕೈಗೆ ಬಟ್ಟೆ ಸುತ್ತಿಕೊಂಡು ಕೂತ ದಿನದಿಂದ ಇವತ್ತಿನವರೆಗೆ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಮೂಗೆಳೆದು, ಸೆರಗಿನಿಂದ ಮುಖ ಒರೆಸಿಕೊಂಡು, ಕಪ್ಪು ಕೆಳಗಿಟ್ಟು, ಹೊಸ್ತಿಲು ದಾಟಿ ವಾಣಿಯ ಪಕ್ಕಕ್ಕೆ ಸರಿದು ಕೂತಳು.

"ಇನ್ನೊಮ್ಮೆ ಹೇಳು," ಎಂದಳು.